ನಡೆಸಿ ನೋಡಿದರೆ ಗೊತ್ತಾಗುವುದಿಲ್ಲವೇ? ‘ನಿಲುಗಡೆ’ ಪ್ರಶ್ನೆಯ ಒಂಬತ್ತು ದಶಕ

ಬನವಾಸಿಯನ್ನು ಬಳಸಿ ಹರಿಯುವ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸಿರ್ಸಿ ತಾಲೂಕಿನ ಪೂರ್ವದ ಅಂಚಿನಲ್ಲಿ ಬಿದ್ದ ಮಳೆನೀರು ಹೀಗೆ ಬಳ್ಳಾರಿ ಸೀಮೆ ದಾಟಿ, ಹಳೆಯ ಮದ್ರಾಸ್ ರೈಲ್ವೆಯ ಸೇತುವೆಯ ಕೆಳಗೆ ಹಾದು ಕೃಷ್ಣೆಗೆ ಹೋಗುತ್ತದೆ. ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್ ಆಗಿದ್ದವರು ಎಡ್ವರ್ಡ್ ವಾಲರ್ ಸ್ಟೋನಿ. ತುಂಗಭದ್ರೆಯ ಸೇತುವೆ ಅವರ ಕೆಲಸಗಳಲ್ಲೊಂದು. ಸದ್ದು ಮಾಡದೆ ತಿರುಗುವ ಪಂಖಾ ಚಕ್ರವೊಂದಕ್ಕೂ ಅವರು ಪೇಟೆಂಟ್ ಪಡೆದಿದ್ದರು. ಅವರ ಮಗಳು ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. ಆಕೆ 1907ರಲ್ಲಿ ಮದುವೆಯಾದದ್ದು ಜೂಲಿಯಸ್ ಟ್ಯೂರಿಂಗ್ ಎಂಬ ಐಸಿಎಸ್ ಅಧಿಕಾರಿಯನ್ನು. ಜೂಲಿಯಸ್ 1896ರಲ್ಲಿ ಮದ್ರಾಸ್ ಪ್ರಾಂತ್ಯದ ಸೇವೆಗೆ ಸೇರಿ, ಮೊದಲ ಹತ್ತು ವರ್ಷ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕುದುರೆಯ ಮೇಲೆ ತಿರುಗಿದವರು. ಬೆಳೆ, ನೀರಾವರಿ, ಸಿಡುಬಿನ ಚುಚ್ಚುಮದ್ದು, ಹಳ್ಳಿ ಲೆಕ್ಕಪತ್ರ ಎಲ್ಲದರ ವರದಿಯೂ ಅವರ ಪಾಲಿಗೆ ಬರುತ್ತಿತ್ತು.

ಇವರ ಎರಡನೆಯ ಮಗ ಅಲನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿ. ಬೇರೆಯವರ ಮನೆಯಲ್ಲಿ ಬೆಳೆದ ಈ ಹುಡುಗ 23ನೇ ವಯಸ್ಸಿಗೆ ಬರೆದ ಒಂದು ಲೇಖನ ಇವತ್ತಿನ ಎಲ್ಲ ಕಂಪ್ಯೂಟರುಗಳ ಬೇರು. ಕಂಪ್ಯೂಟರಿನಿಂದ ಏನು ಸಾಧ್ಯವಿಲ್ಲ ಎನ್ನುವುದಕ್ಕೂ ಅದೇ ಬೇರು. ಕಂಪ್ಯೂಟರ್ ಹುಟ್ಟುವ ಮೊದಲೇ ಅದರ ಮಿತಿ ಗೊತ್ತಾಗಿತ್ತು ಎಂಬುದು ಈ ಕಥೆಯ ಸೋಜಿಗ.

ಆ ಮಿತಿಗೆ ಇವತ್ತು ‘ಹಾಲ್ಟಿಂಗ್ ಪ್ರಾಬ್ಲಂ’ ಎಂದು ಹೆಸರು. ಕನ್ನಡದಲ್ಲಿ ನಿಲುಗಡೆ ಸಮಸ್ಯೆ ಎನ್ನೋಣ. ಒಂದು ಪ್ರೋಗ್ರಾಂ ಮತ್ತು ಅದಕ್ಕೆ ಕೊಡುವ ಮಾಹಿತಿ ನಮ್ಮ ಕೈಯಲ್ಲಿದೆ. ಅದನ್ನು ಚಾಲೂ ಮಾಡಿದರೆ ಎಂದಾದರೂ ಕೆಲಸ ಮುಗಿಸಿ ನಿಲ್ಲುತ್ತದೆಯೇ, ಕೊನೆಯಿಲ್ಲದೆ ತಿರುಗುತ್ತಲೇ ಇರುತ್ತದೆಯೇ? ಯಾವ ಪ್ರೋಗ್ರಾಂ ಕೊಟ್ಟರೂ ತಪ್ಪದೆ ಹೌದು, ಇಲ್ಲ ಎಂದು ಹೇಳಬಲ್ಲ ಇನ್ನೊಂದು ಪ್ರೋಗ್ರಾಂ ಬರೆಯಲು ಸಾಧ್ಯವೇ?

ಸಾಧ್ಯವಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಅದನ್ನು ಓದಿದ ಯಾರಿಗಾದರೂ ಬರುವ ಮೊದಲ ಅನುಮಾನ ಒಂದೇ: ಅದರಲ್ಲೇನು ಕಷ್ಟ, ನಡೆಸಿ ನೋಡಿದರಾಯಿತಲ್ಲ? ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸುತ್ತ, ಅದು ಸುತ್ತು ಹೊಡೆಯುವ ಲಕ್ಷಣ ಕಂಡ ಕೂಡಲೇ ನಿಲ್ಲಿಸಿ ‘ಇದು ನಿಲ್ಲುವುದಲ್ಲ’ ಎಂದುಬಿಟ್ಟರೆ? ಹೀಗೆ ನಡೆಸಿ ನೋಡುವ ಪ್ರೋಗ್ರಾಮಿಗೆ ಸಿಮ್ಯುಲೇಟರ್ ಎನ್ನುತ್ತಾರೆ. ಅನುಮಾನ ದಡ್ಡತನದ್ದಲ್ಲ. ಆದರೆ ಅದಕ್ಕೆ ಉತ್ತರ ಮೂಲ ಲೇಖನದಲ್ಲಿಯೇ ಇದೆ.

ಹಿಲ್ಬರ್ಟ್ ಬಯಸಿದ ಯಂತ್ರ

1928ರಲ್ಲಿ ಜರ್ಮನಿಯ ಡೇವಿಡ್ ಹಿಲ್ಬರ್ಟ್ ಮತ್ತು ವಿಲ್ಹೆಲ್ಮ್ ಆಕರ್ಮನ್ ತರ್ಕಶಾಸ್ತ್ರದ ಪುಸ್ತಕವೊಂದರಲ್ಲಿ ಒಂದು ಸವಾಲು ಇಟ್ಟರು. ತರ್ಕದ ಭಾಷೆಯಲ್ಲಿ ಯಾವ ಹೇಳಿಕೆ ಕೊಟ್ಟರೂ ಅದು ಸರ್ವತ್ರ ನಿಜವೋ ಅಲ್ಲವೋ ಎಂದು ತೀರ್ಮಾನಿಸುವ ಯಾಂತ್ರಿಕ ವಿಧಾನ ಬೇಕು. ಬುದ್ಧಿ ಓಡಿಸುವ ಅಗತ್ಯವಿರಬಾರದು, ಮಗ್ಗಿ ಬಂದವನು ಗುಣಾಕಾರ ಮಾಡಿದ ಹಾಗೆ ನಿಯಮ ಹಿಡಿದು ಹೋದರೆ ಉತ್ತರ ಸಿಗಬೇಕು. ಹಿಲ್ಬರ್ಟ್ ಅವರಿಗೆ ಅಂಥದ್ದು ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಿತ್ತು. 1930ರ ಸೆಪ್ಟೆಂಬರಿನಲ್ಲಿ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ ಅವರು ಗಣಿತಕ್ಕೆ ತಿಳಿಯಲಾಗದ್ದು ಏನೂ ಇಲ್ಲ ಎಂಬ ಧಾಟಿಯಲ್ಲಿ ಭಾಷಣ ಮಾಡಿದರು. ಅದರ ಹಿಂದಿನ ದಿನವೇ ಅದೇ ಊರಿನ ಸಭೆಯೊಂದರಲ್ಲಿ 24 ವರ್ಷದ ಕರ್ಟ್ ಗೋಡೆಲ್, ಗಣಿತದ ಯಾವುದೇ ಗಟ್ಟಿ ಚೌಕಟ್ಟಿನೊಳಗೂ ಸಾಬೀತು ಮಾಡಲಾಗದ ಸತ್ಯಗಳು ಉಳಿಯುತ್ತವೆ ಎಂದು ಹೇಳಿಯಾಗಿತ್ತು.

ಯಾಂತ್ರಿಕ ವಿಧಾನದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. 1935ರಲ್ಲಿ ಕೇಂಬ್ರಿಡ್ಜಿನಲ್ಲಿ ಮ್ಯಾಕ್ಸ್ ನ್ಯೂಮನ್ ಅವರ ಪಾಠದಲ್ಲಿ ಟ್ಯೂರಿಂಗ್ ಇದನ್ನು ಕೇಳಿಸಿಕೊಂಡರು. ಅವರು ಹಿಡಿದ ದಾರಿ ಸರಳ. ‘ಯಾಂತ್ರಿಕ’ ಎಂದರೆ ಏನು ಎಂದು ಮೊದಲು ಗಟ್ಟಿಮಾಡಿಕೊಳ್ಳಬೇಕು. ಪೆನ್ಸಿಲು, ಕಾಗದ ಹಿಡಿದು ಲೆಕ್ಕ ಮಾಡುವ ಗುಮಾಸ್ತ ಏನು ಮಾಡುತ್ತಾನೆ? ಒಂದು ಚೌಕ ನೋಡುತ್ತಾನೆ, ಬರೆಯುತ್ತಾನೆ ಅಥವಾ ಅಳಿಸುತ್ತಾನೆ, ಪಕ್ಕದ ಚೌಕಕ್ಕೆ ಸರಿಯುತ್ತಾನೆ, ಮುಂದೇನು ಎಂದು ನೆನಪಿಟ್ಟುಕೊಳ್ಳುತ್ತಾನೆ. ಇಷ್ಟನ್ನೇ ಮಾಡುವ ಯಂತ್ರವನ್ನು, ಉದ್ದಕ್ಕೆ ಕೊನೆಯಿಲ್ಲದ ಕಾಗದದ ಪಟ್ಟಿಯೊಂದಿಗೆ, ಅವರು ಕಲ್ಪಿಸಿದರು. ಲೇಖನ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಗೆ ತಲುಪಿದ್ದು 1936ರ ಮೇ 28ಕ್ಕೆ. ಅಮೆರಿಕದ ಅಲೊಂಝೊ ಚರ್ಚ್ ಅದೇ ವರ್ಷ ಕೆಲ ತಿಂಗಳು ಮೊದಲು ಬೇರೆ ದಾರಿಯಿಂದ ಅದೇ ತೀರ್ಮಾನ ಮುಟ್ಟಿದ್ದರು.

ತನ್ನ ಸರದಿ ಬಂದಾಗ

ಆ ಲೇಖನದ ದೊಡ್ಡ ಆವಿಷ್ಕಾರವೇ ಸಿಮ್ಯುಲೇಟರ್. ಯಾವುದೇ ಯಂತ್ರದ ವಿವರಣೆಯನ್ನು ಪಟ್ಟಿಯ ಮೇಲೆ ಬರೆದುಕೊಟ್ಟರೆ ಅದರಂತೆಯೇ ವರ್ತಿಸುವ ‘ಸಾರ್ವತ್ರಿಕ ಯಂತ್ರ’. ಒಂದೇ ಮೊಬೈಲಿನಲ್ಲಿ ಬ್ಯಾಂಕು, ಕ್ಯಾಮೆರಾ, ಪಂಚಾಂಗ ಎಲ್ಲ ನಡೆಯುವುದು ಈ ವಿಚಾರದಿಂದ. ಅಂದರೆ ‘ನಡೆಸಿ ನೋಡಬಹುದಲ್ಲ’ ಎಂಬುದನ್ನು ಟ್ಯೂರಿಂಗ್ ಮರೆತಿರಲಿಲ್ಲ. ಅದನ್ನು ಕಂಡುಹಿಡಿದವರೇ ಅವರು.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. 1936ರ ಲೇಖನದಲ್ಲಿ ನಿಲುಗಡೆ ಎಂಬ ಪ್ರಶ್ನೆ ಈಗಿನ ರೂಪದಲ್ಲಿ ಇಲ್ಲ. ಅಲ್ಲಿ ಒಳ್ಳೆಯ ಯಂತ್ರ ಎಂದರೆ ಅಂಕಿಗಳನ್ನು ಕೊನೆಯಿಲ್ಲದೆ ಮುದ್ರಿಸುತ್ತ ಹೋಗುವ ಯಂತ್ರ. ನಡುವೆ ಎಲ್ಲೋ ಸಿಕ್ಕಿಬಿದ್ದು ಮುಂದಿನ ಅಂಕಿ ಕೊಡದೇ ಹೋದರೆ ಅದು ಕೆಟ್ಟದ್ದು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವ ಪರೀಕ್ಷಕ ಯಂತ್ರವೊಂದು ಇದೆ ಎಂದುಕೊಳ್ಳಿ ಎನ್ನುತ್ತಾರೆ ಟ್ಯೂರಿಂಗ್. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇನ್ನೊಂದು ದೊಡ್ಡ ಯಂತ್ರ ಕಟ್ಟುತ್ತಾರೆ. ಅದು ಎಲ್ಲ ಯಂತ್ರಗಳನ್ನೂ ಸಂಖ್ಯೆಯ ಸಾಲಿನಲ್ಲಿ ಒಂದೊಂದಾಗಿ ಪರೀಕ್ಷಿಸುತ್ತದೆ. ಒಳ್ಳೆಯದಾದರೆ ಅದನ್ನು ನಡೆಸಿ, ಮೊದಲ ಒಳ್ಳೆಯ ಯಂತ್ರದ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಹೀಗೆ ಬರೆದುಕೊಳ್ಳುತ್ತದೆ.

ಸಾಲಿನಲ್ಲಿ ಒಂದು ದಿನ ಅದರ ಸ್ವಂತ ಸಂಖ್ಯೆಯೇ ಬರುತ್ತದೆ. ‘ನಾನು ಕೆಟ್ಟ ಯಂತ್ರ’ ಎನ್ನುವಂತಿಲ್ಲ, ಏಕೆಂದರೆ ಪರೀಕ್ಷಕ ಪ್ರತಿ ಸಲ ತಪ್ಪದೆ ಉತ್ತರಿಸುತ್ತದೆ, ನಡೆಸಿ ನೋಡುವುದು ಒಳ್ಳೆಯವನ್ನು ಮಾತ್ರ. ಕೆಲಸ ಮುಂದುವರಿಯುತ್ತಲೇ ಇರಬೇಕು. ‘ನಾನು ಒಳ್ಳೆಯ ಯಂತ್ರ’ ಎಂದರೆ ತನ್ನನ್ನೇ ನಡೆಸಿ ನೋಡಬೇಕು. ಆಗ ತಾನು ಮೊದಲಿನಿಂದ ಮಾಡಿದ್ದನ್ನೆಲ್ಲ ಮಾಡುತ್ತ ಬಂದು ಮತ್ತೆ ತನ್ನ ಸಂಖ್ಯೆಗೇ ಬರುತ್ತದೆ. ಅಲ್ಲಿ ಮತ್ತೆ ತನ್ನನ್ನು ನಡೆಸಬೇಕು. ಮುಂದಿನ ಅಂಕಿ ಬರುವುದೇ ಇಲ್ಲ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಆದ್ದರಿಂದ ಅಂಥ ಪರೀಕ್ಷಕ ಯಂತ್ರ ಇರಲು ಸಾಧ್ಯವಿಲ್ಲ. ಸಿಮ್ಯುಲೇಟರ್ ತನ್ನನ್ನು ತಾನೇ ನಡೆಸಿ ನೋಡುವ ಪೇಚು ಮೂಲ ಪುರಾವೆಯ ಹೃದಯದಲ್ಲೇ ಇತ್ತು.

ರೈಲು ಡಬ್ಬಿಯ ಪುರಾವೆ

ಇವತ್ತಿನ ರೂಪ ನಂತರದ್ದು. ‘ಹಾಲ್ಟಿಂಗ್ ಪ್ರಾಬ್ಲಂ’ ಎಂಬ ಹೆಸರನ್ನು ರೂಢಿಗೆ ತಂದವರು ಮಾರ್ಟಿನ್ ಡೇವಿಸ್, 1958ರ ತಮ್ಮ ಪುಸ್ತಕದಲ್ಲಿ. ಅದನ್ನು ಪ್ರೋಗ್ರಾಮರುಗಳಿಗೆ ಅರ್ಥವಾಗುವ ನಾಲ್ಕು ಸಾಲಿನಲ್ಲಿ ಬರೆದದ್ದು ಕ್ರಿಸ್ಟೋಫರ್ ಸ್ಟ್ರೇಚಿ. ಇವರಿಗೂ ನಮ್ಮ ಸೀಮೆಗೂ ದೂರದ ನಂಟು ಉಂಟು. 1876–78ರ ಧಾತು ಸಂವತ್ಸರದ ಬರ ಬಳ್ಳಾರಿ ಕಡೆಯನ್ನು ಬರಿದು ಮಾಡಿದ ಮೇಲೆ ಸರಕಾರ ನೇಮಿಸಿದ ಕ್ಷಾಮ ಆಯೋಗದ ಅಧ್ಯಕ್ಷರಾಗಿದ್ದ ಸರ್ ರಿಚರ್ಡ್ ಸ್ಟ್ರೇಚಿ ಇವರ ಅಜ್ಜ. 1965ರಲ್ಲಿ ‘ಕಂಪ್ಯೂಟರ್ ಜರ್ನಲ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಸ್ಟ್ರೇಚಿ ಒಂದು ಸ್ವಾರಸ್ಯ ಹೇಳುತ್ತಾರೆ. 1953ರಲ್ಲಿ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮ್ಮೇಳನಕ್ಕೆ ಹೋಗುವಾಗ ರೈಲಿನಲ್ಲಿ ಟ್ಯೂರಿಂಗ್ ಅವರಿಗೆ ಬಾಯಿಮಾತಿನಲ್ಲೇ ಈ ಪುರಾವೆ ಹೇಳಿದ್ದರಂತೆ. ಸ್ಟ್ರೇಚಿ ಅದನ್ನು ಮರೆತು, ಮತ್ತೆ ತಾವೇ ಕಟ್ಟಿಕೊಳ್ಳಬೇಕಾಯಿತು. ಆ ಹೊತ್ತಿಗೆ ಟ್ಯೂರಿಂಗ್ ತೀರಿಕೊಂಡು ಹತ್ತು ವರ್ಷವಾಗಿತ್ತು.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪುರಾವೆ ಹೀಗೆ. ಒಬ್ಬ ಜೋಯಿಸರಿದ್ದಾರೆ. ಯಾವ ಪ್ರೋಗ್ರಾಮಿನ ಜಾತಕ ಇಟ್ಟರೂ ‘ನಿಲ್ಲುತ್ತದೆ’ ಅಥವಾ ‘ನಿಲ್ಲುವುದಿಲ್ಲ’ ಎಂದು ತಪ್ಪದೆ ಹೇಳುತ್ತಾರೆ ಎಂದುಕೊಳ್ಳಿ. ಈಗ ಒಬ್ಬ ತಂಟೆಕೋರ ಮಾಣಿಯನ್ನು ಕಟ್ಟುತ್ತೇವೆ. ಮಾಣಿ ಮಾಡುವುದು ಎರಡೇ ಕೆಲಸ. ತನ್ನ ಜಾತಕವನ್ನೇ ಜೋಯಿಸರಿಗೆ ತೋರಿಸುತ್ತಾನೆ. ಅವರು ‘ನಿಲ್ಲುತ್ತಾನೆ’ ಎಂದರೆ ಮುಗಿಯದ ಸುತ್ತಿಗೆ ಬೀಳುತ್ತಾನೆ, ‘ನಿಲ್ಲುವುದಿಲ್ಲ’ ಎಂದರೆ ಕೂಡಲೇ ನಿಲ್ಲುತ್ತಾನೆ. ಜೋಯಿಸರು ಏನು ಹೇಳಿದರೂ ತಪ್ಪು. ಜೋಯಿಸರೂ ಒಂದು ಪ್ರೋಗ್ರಾಂ ಆಗಿದ್ದರೆ ಮಾಣಿಯನ್ನು ಬರೆಯಲು ಅಡ್ಡಿಯೇ ಇಲ್ಲ. ಹಾಗಾದರೆ ಅಂಥ ಜೋಯಿಸರೇ ಇಲ್ಲ.

ನಡೆಸಿ ನೋಡುವ ಜೋಯಿಸರು

ಈಗ ಅನುಮಾನಕ್ಕೆ ಬರೋಣ. ನಮ್ಮ ಜೋಯಿಸರು ಗ್ರಹಗತಿ ನೋಡುವವರಲ್ಲ, ಸಿಮ್ಯುಲೇಟರ್. ಮಾಣಿಯನ್ನು ಮನಸ್ಸಿನಲ್ಲೇ ಹೆಜ್ಜೆಹೆಜ್ಜೆಯಾಗಿ ನಡೆಸುತ್ತಾರೆ. ಮನಸ್ಸಿನೊಳಗಿನ ಮಾಣಿ ಮೊದಲು ಮಾಡುವುದೇನು? ಜೋಯಿಸರ ಬಳಿ ಹೋಗುತ್ತಾನೆ. ಆ ಒಳಗಿನ ಜೋಯಿಸರು ಇನ್ನೊಬ್ಬ ಮಾಣಿಯನ್ನು ನಡೆಸಲು ತೊಡಗುತ್ತಾರೆ. ಅವನು ಮತ್ತೊಬ್ಬ ಜೋಯಿಸರ ಬಳಿ ಹೋಗುತ್ತಾನೆ. ಎದುರುಬದುರು ಇಟ್ಟ ಕನ್ನಡಿಗಳ ಹಾಗೆ ಒಳಗೊಳಗೆ ಇದೇ ನೋಟ.

ಹೊರಗಿನ ಜೋಯಿಸರಿಗೆ ಮಾದರಿ ಕಾಣಿಸುತ್ತದೆ. ‘ಓಹೋ, ನಾನು ತಡೆಯದಿದ್ದರೆ ಇದು ಮುಗಿಯುವುದೇ ಇಲ್ಲ’ ಎಂದು ನಿರ್ಧರಿಸಿ, ನಡೆಸುವುದನ್ನು ಬಿಟ್ಟು, ‘ಮಾಣಿ ನಿಲ್ಲುವುದಿಲ್ಲ’ ಎಂದು ತೀರ್ಪು ಕೊಡುತ್ತಾರೆ. ಈ ವಾದ ಮಂಡಿಸುವವರು ಹೇಳುವುದು ಇದನ್ನೇ: ಸಿಮ್ಯುಲೇಟರ್ ಕಣ್ಣಾರೆ ಕಂಡದ್ದನ್ನು ಹೇಳಿದೆ, ಅದು ಸರಿಯಲ್ಲವೇ?

ಸರಿಯಲ್ಲ. ಎದುರಿಗೆ ನಿಂತಿರುವ ನಿಜವಾದ ಮಾಣಿಯನ್ನು ನೋಡಿ. ಅವನು ಕೇಳಿದ್ದು ಇದೇ ಜೋಯಿಸರನ್ನು. ಇದೇ ಜೋಯಿಸರು ಈಗ ‘ನಿಲ್ಲುವುದಿಲ್ಲ’ ಎಂದರು. ಅದನ್ನು ಕೇಳಿದ ಮಾಣಿ ನಿಂತುಬಿಟ್ಟ. ತೀರ್ಪು ಬಾಯಿಂದ ಹೊರಬಿದ್ದ ಗಳಿಗೆಯಲ್ಲೇ ಸುಳ್ಳಾಯಿತು.

ತಪ್ಪಿದ್ದು ಎಲ್ಲಿ? ‘ನಾನು ತಡೆಯದಿದ್ದರೆ’ ಎಂಬ ಮಾತಿನಲ್ಲಿ. ತಡೆಯದ ಜೋಯಿಸರನ್ನು ಕೇಳುವ ಮಾಣಿ ನಿಜಕ್ಕೂ ನಿಲ್ಲುವುದಿಲ್ಲ, ಒಪ್ಪೋಣ. ಆದರೆ ಆತ ಬೇರೆ ಮಾಣಿ. ನಮ್ಮ ಮಾಣಿಯ ಹೊಟ್ಟೆಯಲ್ಲಿರುವುದು ತಡೆಯುವ ಜೋಯಿಸರು. ಒಳಗಿನ ಜೋಯಿಸರೂ ಹೊರಗಿನವರ ತದ್ರೂಪವೇ ಆದ್ದರಿಂದ ಅವರಿಗೂ ಸ್ವಲ್ಪ ಹೊತ್ತಿನಲ್ಲಿ ಅದೇ ಮಾದರಿ ಕಾಣುತ್ತಿತ್ತು, ಅವರೂ ತಡೆಯುತ್ತಿದ್ದರು, ಒಳಗಿನ ಮಾಣಿ ನಿಲ್ಲುತ್ತಿದ್ದ. ಹೊರಗಿನವರು ಮೊದಲು ಹೊರಟಿದ್ದರಿಂದ ಅವರ ತಾಳ್ಮೆ ಮೊದಲು ಮುಗಿಯಿತು, ಅಷ್ಟೇ. ಕೊನೆಯಿಲ್ಲದ ಸುತ್ತು ಎಂದು ಅವರಿಗೆ ಕಂಡದ್ದು ಕೊನೆಯಿರುವ ಸುತ್ತಿನ ಆರಂಭ. ಇನ್ನೂ ಸ್ವಲ್ಪ ಕಾಯುವಂತೆ ಜೋಯಿಸರನ್ನು ತಿದ್ದಿದರೆ? ಮಾಣಿಯೊಳಗಿನ ಜೋಯಿಸರೂ ಅಷ್ಟೇ ಹೆಚ್ಚು ಕಾಯುತ್ತಾರೆ. ತಡೆಯುವುದನ್ನೇ ಬಿಟ್ಟರೆ ಜೋಯಿಸರು ಎಂದೂ ಬಾಯಿಬಿಡುವುದಿಲ್ಲ. ಸಿಮ್ಯುಲೇಟರಿನ ಮುಂದೆ ಎರಡೇ ದಾರಿ: ತಪ್ಪು ಉತ್ತರ, ಇಲ್ಲವೇ ಮೌನ.

ನಡೆಸಿ ನೋಡುವುದರಲ್ಲಿ ಒಂದು ಬದಿಯ ಸತ್ಯ ಮಾತ್ರ ಖಾತ್ರಿ. ರಾತ್ರಿಯ ಯಕ್ಷಗಾನಕ್ಕೆ ಹೋದವನು ಮಂಗಳ ಪದ್ಯ ಕೇಳಿದರೆ ಆಟ ಮುಗಿಯಿತು ಎಂದು ಧೈರ್ಯವಾಗಿ ಹೇಳಬಹುದು. ಬೆಳಗಿನ ಜಾವ ಮೂರಕ್ಕೆ ಇನ್ನೂ ಚಂಡೆ ಬಾರಿಸುತ್ತಿದೆ ಎಂಬುದರಿಂದ ಆಟ ಮುಗಿಯುವುದೇ ಇಲ್ಲ ಎಂದು ಹೇಳಲು ಬರುವುದಿಲ್ಲ.

ಕಂಪ್ಯೂಟರಿನ ನೆನಪು ಸೀಮಿತ, ಎಂದಾದರೂ ಹಳೆಯ ಸ್ಥಿತಿಗೇ ಮರಳಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ತತ್ವಕ್ಕೆ ಅದು ಹೌದು. ಆದರೆ ಬರೀ 300 ಬಿಟ್‌ಗಳ ನೆನಪಿಗೇ ಇರುವ ಸ್ಥಿತಿಗಳ ಸಂಖ್ಯೆ ನಮಗೆ ಕಾಣುವ ವಿಶ್ವದ ಪರಮಾಣುಗಳ ಅಂದಾಜು ಸಂಖ್ಯೆಗಿಂತ ದೊಡ್ಡದು. ಅಲ್ಲಿಯವರೆಗೆ ಕಾಯುವವರಾರು?

ಸಿಮ್ಯುಲೇಟರ್ ಗೆದ್ದ ಜಾಗ

ಹಾಗೆಂದು ಸಿಮ್ಯುಲೇಟರ್ ನಿಷ್ಪ್ರಯೋಜಕವಲ್ಲ. ಅದರ ದೊಡ್ಡ ಗೆಲುವು ಇತ್ತೀಚಿನದು.

1962ರಲ್ಲಿ ಟಿಬೋರ್ ರಾಡೋ ಎಂಬ ಗಣಿತಜ್ಞರು ಒಂದು ಆಟ ಹೂಡಿದರು. ಇಷ್ಟೇ ನಿಯಮಗಳಿರುವ ಟ್ಯೂರಿಂಗ್ ಯಂತ್ರಗಳಲ್ಲಿ, ಖಾಲಿ ಪಟ್ಟಿಯ ಮೇಲೆ ಶುರುವಾಗಿ ಕೊನೆಗೆ ನಿಲ್ಲುವವುಗಳ ಪೈಕಿ, ಅತಿ ಹೆಚ್ಚು ಹೆಜ್ಜೆ ಇಡುವುದು ಯಾವುದು? ಎರಡು ಸ್ಥಿತಿಯ ಯಂತ್ರಕ್ಕೆ ಉತ್ತರ 6 ಹೆಜ್ಜೆ, ಮೂರಕ್ಕೆ 21, ನಾಲ್ಕಕ್ಕೆ 107. ಐದಕ್ಕೆ ಬಂದಾಗ ಕಥೆ ಬದಲಾಯಿತು. 1989ರಲ್ಲಿ ಜರ್ಮನಿಯ ಮಾರ್ಕ್ಸೆನ್ ಮತ್ತು ಬುಂಟ್ರಾಕ್ 4,71,76,870 ಹೆಜ್ಜೆ ಇಟ್ಟು ನಿಲ್ಲುವ ಯಂತ್ರವೊಂದನ್ನು ಹಿಡಿದರು. ಅದಕ್ಕಿಂತ ಹೆಚ್ಚು ನಡೆದು ನಿಲ್ಲುವ ಇನ್ನೊಂದು ಇಲ್ಲ ಎಂದು ಹೇಳಬೇಕಾದರೆ ಉಳಿದ ಪ್ರತಿಯೊಂದು ಯಂತ್ರದ ಬಗ್ಗೆಯೂ ನಿಲುಗಡೆ ಪ್ರಶ್ನೆಯನ್ನು ಬಿಡಿಸಬೇಕು.

2022ರಲ್ಲಿ ಶುರುವಾದ ಅಂತರ್ಜಾಲದ ಗುಂಪೊಂದು ಇದನ್ನು ಕೈಗೆತ್ತಿಕೊಂಡಿತು. ಅದರಲ್ಲಿದ್ದ ಹಲವರು ವೃತ್ತಿಯಿಂದ ಗಣಿತಜ್ಞರಲ್ಲ. ಅವರು ಯಂತ್ರಗಳನ್ನು ನಡೆಸಿ ನೋಡಿದರು. ಹಳೆಯ ಸ್ಥಿತಿಗೇ ಅಕ್ಷರಶಃ ಮರಳಿದ ಯಂತ್ರ ನಿಲ್ಲದು, ಇದು ಪುರಾವೆ. ಅದೇ ವಿನ್ಯಾಸವನ್ನು ಪಕ್ಕಕ್ಕೆ ಸರಿಸುತ್ತ ಹೋಗುವುದೂ ನಿಲ್ಲದು, ಅದಕ್ಕೂ ಪುರಾವೆ ಉಂಟು. ಒಂದೊಂದು ಬಗೆಯ ಸುತ್ತಿಗೆ ಒಂದೊಂದು ಪರೀಕ್ಷೆ, ಪ್ರತಿ ಪರೀಕ್ಷೆಯ ಹಿಂದೆ ಒಂದು ಸಾಬೀತು. ಯಾವುದೂ ಹೊಂದದಿದ್ದರೆ ‘ಗೊತ್ತಿಲ್ಲ’ ಎಂದು ಬದಿಗಿಟ್ಟು ಇನ್ನೊಂದು ಪರೀಕ್ಷೆ ಹುಡುಕಿದರು. 18 ಕೋಟಿಗೂ ಹೆಚ್ಚು ಯಂತ್ರಗಳ ಲೆಕ್ಕ ಮುಗಿದು, ಪುರಾವೆಯನ್ನೇ ತಪಾಸಣೆ ಮಾಡುವ ‘ಕಾಕ್’ ಎಂಬ ಸಾಫ್ಟ್‌ವೇರ್ ಒಪ್ಪಿದ ಮೇಲೆ, 2024ರ ಜುಲೈ 2ರಂದು ಫಲಿತಾಂಶ ಘೋಷಿಸಿದರು. 35 ವರ್ಷ ಹಿಂದೆ ಸಿಕ್ಕಿದ್ದೇ ಗೆದ್ದಿತ್ತು.

ಮುಂದಿನ ಹಂತ, ಆರು ಸ್ಥಿತಿ. ಅಲ್ಲಿ ‘ಆಂಟಿಹೈಡ್ರಾ’ ಎಂದು ಹೆಸರಿಟ್ಟ ಯಂತ್ರವೊಂದಿದೆ. ಅದು ಮಾಡುವುದನ್ನು ಅಡಕೆ ಲೆಕ್ಕದ ಚೀಟಿಯ ಹಿಂದೆಯೇ ಬರೆಯಬಹುದು. 8ರಿಂದ ಶುರುಮಾಡಿ, ಪ್ರತಿ ಸಲ ಸಂಖ್ಯೆಗೆ ಅದರ ಅರ್ಧ ಸೇರಿಸಿ, ಅರೆ ಉಳಿದರೆ ಬಿಟ್ಟುಬಿಡಿ: 8, 12, 18, 27, 40, 60, 90, 135. ಪಕ್ಕದಲ್ಲಿ ಸೊನ್ನೆಯಿಂದ ಒಂದು ಜಮಾಖರ್ಚು ಇಡಿ. ಸಮಸಂಖ್ಯೆ ಬಂದರೆ ಎರಡು ಜಮಾ, ಬೆಸ ಬಂದರೆ ಒಂದು ಖರ್ಚು. ಬಾಕಿ ಸೊನ್ನೆಗಿಂತ ಕೆಳಗಿಳಿದ ದಿನ ಯಂತ್ರ ನಿಲ್ಲುತ್ತದೆ. ಮೇಲಿನ ಎಂಟು ಸಂಖ್ಯೆ ಮುಗಿಯುವಾಗಲೇ ಬಾಕಿ 10. ಸಮ, ಬೆಸ ಹೆಚ್ಚುಕಡಿಮೆ ಸಮನಾಗಿ ಬಂದರೆ ಜಮಾ ಏರುತ್ತಲೇ ಹೋಗಬೇಕು. ಆದ್ದರಿಂದ ನಿಲ್ಲದು ಎಂದೇ ಎಲ್ಲರ ಅಂದಾಜು. ಸಾಬೀತು ಮಾಡಿದವರು ಯಾರೂ ಇಲ್ಲ. ಎಷ್ಟು ಕೋಟಿ ಹೆಜ್ಜೆ ನಡೆಸಿದರೂ ಅದು ಸಾಬೀತಾಗುವುದಿಲ್ಲ.

‘ಸಿಗಲಿಲ್ಲ’ ಮತ್ತು ‘ಇಲ್ಲ’

ಬೆಂಗಳೂರಿನಲ್ಲಿ ಈ ಮಿತಿಯೊಡನೆ ಬಾಳುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಶ್ರೀರಾಮ್ ರಾಜಮಣಿ, ಹಿಂದೆ ಥಾಮಸ್ ಬಾಲ್ ಜೊತೆ ‘ಸ್ಲ್ಯಾಮ್’ ಎಂಬ ತಪಾಸಣಾ ಸಾಧನ ಕಟ್ಟಿದವರು. ವಿಂಡೋಸ್ ಡ್ರೈವರುಗಳಲ್ಲಿ ತಪ್ಪು ಹುಡುಕಲು ಅದು ಬಳಕೆಗೆ ಬಂತು. ಅಂಥ ಸಾಧನ ತಪ್ಪು ಇಲ್ಲ ಎಂದು ಸಾಬೀತು ಮಾಡಬಹುದು, ತಪ್ಪನ್ನು ತೋರಿಸಲೂಬಹುದು, ಉತ್ತರ ಮುಟ್ಟದೆಯೂ ಉಳಿಯಬಹುದು. ಮೂರನೆಯದನ್ನು ಮುಚ್ಚಿಡದೆ ಇರುವುದೇ ಅದರ ಪ್ರಾಮಾಣಿಕತೆ.

ಈ ಮೂರನೆಯ ಉತ್ತರ ಹಳ್ಳಿಯ ಬದುಕಿಗೂ ಬೇಕು. ಪಡಿತರ ಅಂಗಡಿಯಲ್ಲಿ, ಪಹಣಿ ಕೌಂಟರಿನಲ್ಲಿ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಇಷ್ಟು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಕೈಬಿಡು ಎಂದು ಪ್ರೋಗ್ರಾಮಿನಲ್ಲಿ ಬರೆದಿರುತ್ತಾರೆ. ಹಾಗೆ ಬರೆಯಲೇಬೇಕು. ಆದರೆ ‘ಕಾದದ್ದು ಸಾಕು’ ಎಂಬುದು ಅನುಕೂಲದ ತೀರ್ಮಾನ, ಸತ್ಯದ ತೀರ್ಮಾನವಲ್ಲ. ಪರದೆ ‘ಉತ್ತರ ಬರಲಿಲ್ಲ’ ಎನ್ನುವ ಬದಲು ‘ದಾಖಲೆ ಇಲ್ಲ’ ಎಂದರೆ ಆ ಹೊತ್ತಿಗೆ ನಷ್ಟವಾಗುವುದು ಎದುರಿಗೆ ನಿಂತವರಿಗೆ.

ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಇದರ ದೊಡ್ಡ ರೂಪ ಅರಣ್ಯ ಹಕ್ಕಿನ ಅರ್ಜಿಗಳದ್ದು. 2006ರ ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹುಡುಕಿದ ಕಡತದಲ್ಲಿ ಹೆಸರು ಸಿಗಲಿಲ್ಲ ಎಂಬುದು ಒಂದು ಮಾತು, ಅವರು ಅಲ್ಲಿ ಇರಲಿಲ್ಲ ಎಂಬುದು ಇನ್ನೊಂದು ಮಾತು. ಕಾಯ್ದೆಯ ನಿಯಮಗಳಿಗೆ ಈ ವ್ಯತ್ಯಾಸ ಗೊತ್ತು. ಅವು ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವೆಂದು ಎಣಿಸುತ್ತವೆ. ಇಂಥದ್ದೇ ಕಾಗದ ಬೇಕೆಂದು ಪಟ್ಟು ಹಿಡಿಯಬಾರದು ಎಂದು 2012ರ ತಿದ್ದುಪಡಿ ಸಮಿತಿಗಳಿಗೆ ಹೇಳುತ್ತದೆ. ಇದು ಗಣಿತದ ಬಗೆಹರಿಯದ ಪ್ರಶ್ನೆಯಲ್ಲ. ಇನ್ನೊಂದು ದಾರಿಯಿಂದ ಕೇಳಿದರೆ ಉತ್ತರ ಸಿಗಬಹುದಾದದ್ದು. ತಪ್ಪಾಗುವುದು ಹುಡುಕಾಟ ನಿಲ್ಲಿಸಿದವನು ತಾನು ನಿಲ್ಲಿಸಿದ್ದನ್ನೇ ಪುರಾವೆಯೆಂದು ಬರೆದಾಗ.

ವರದಿ ಬರೆಯುವ ನಮಗೂ ಇದು ಅನ್ವಯ. ‘ದೃಢಪಟ್ಟಿಲ್ಲ’ ಎಂಬುದನ್ನು ‘ಸುಳ್ಳು’ ಎಂದು ತಲೆಬರಹ ಮಾಡುವುದು ಸುಲಭ. ನಡೆಸಿ ನೋಡಿ, ಎಷ್ಟು ದೂರ ನೋಡಿದೆವು ಎಂದು ಹೇಳಿ, ಅದರಾಚೆ ಗೊತ್ತಿಲ್ಲ ಎಂದು ಬರೆಯುವುದಕ್ಕೆ ಒಂದು ಸಾಲು ಹೆಚ್ಚು ಬೇಕಾಗುತ್ತದೆ. ಆ ಸಾಲಿಗೆ ಜಾಗ ಮಾಡಿಕೊಡೋಣ.